ಮಹಿಷಾಸುರ ಬರುವಾಗಲೇ ನಿಲ್ಲುವ ವೀಡಿಯೊ

ಪತ್ತನಾಜೆ, ಅಂದರೆ ಮೇ ಕೊನೆಗೆ ತಿರುಗಾಟ ಮುಗಿಯುವ ದಿನ, ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ಹಳೆ ಆಟದ ಟೇಪುಗಳ ಕಾಲ. 2006ರಲ್ಲಿ ಮಾವನ ಮನೆಯ ಗದ್ದೆಯಲ್ಲಿ ಒಂದು ಹರಕೆಯ ಯಕ್ಷಗಾನ ಆಟ ಆಗಿತ್ತು. ಮಾವ ಅದನ್ನು ಹ್ಯಾಂಡಿಕ್ಯಾಮಿನಲ್ಲಿ ಹಿಡಿದಿಟ್ಟಿದ್ದರು. ಒಂದೊಂದು ಗಂಟೆಯ ಆರು ಮಿನಿ ಡಿವಿ ಟೇಪು. ಆಟ ಬೆಳಗಿನವರೆಗೂ ನಡೆದದ್ದು ಹೌದು, ಆದರೆ ನಡುವೆ ಮಾವನಿಗೆ ನಿದ್ದೆ ಬಂದಿದೆ.

ಅದನ್ನು ಮನೆಯವರು, ನೆಂಟರು ಫೋನಿನಲ್ಲೇ ನೋಡುವ ಹಾಗೆ ವೆಬ್ಬಿಗೆ ಏರಿಸಬೇಕು ಅಂತ ಹೊರಟೆ. ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಐದು ವಾರ ಹಿಡಿಯಿತು. ಅದರಲ್ಲಿ ನಾಲ್ಕು ವಾರ ನನ್ನದೇ ತಪ್ಪುಗಳಿಗೆ ಹೋದದ್ದು. ಅದಕ್ಕೇ ಬರೆದಿಡುತ್ತಿದ್ದೇನೆ.

ಕೈಯಲ್ಲಿ ಇದ್ದದ್ದು ಇಷ್ಟು. ಹತ್ತು ವರ್ಷ ಹಳೆಯ ಐ5 ಕಂಪ್ಯೂಟರ್, 8 ಜಿಬಿ ರ್‍ಯಾಮ್, ವೀಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ, ಮತ್ತು ಒಂದು ಅಗ್ಗದ ಶೇರ್ಡ್ ಹೋಸ್ಟಿಂಗ್. ಟೇಪುಗಳನ್ನು ಫೈರ್‌ವೈರ್‌ನಲ್ಲಿ ಕಂಪ್ಯೂಟರಿಗೆ ಇಳಿಸುವ ಕೆಲಸ ಬೇಸಿಗೆಯಲ್ಲೇ ಮುಗಿದಿತ್ತು. ಕಾರ್ಡಿಗೆ 900 ರೂಪಾಯಿ, ಕೇಬಲಿಗೆ 250. ಡಿವಿ ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ. ಆರು ಟೇಪಿಗೆ 78 ಜಿಬಿ ಆಯಿತು.

ಇನ್ನೊಂದು ಸಂಗತಿ ಮುಖ್ಯ. ನನ್ನ ಮನೆ ಬದಿಯಡ್ಕ ಪೇಟೆಗೆ ಹತ್ತಿರ, ಫೈಬರ್ ಉಂಟು. ಮಾವನ ಮನೆ ಅಡಿಕೆ ತೋಟದ ಬುಡದಲ್ಲಿ, ಮೂರೂ ಕಡೆ ಗುಡ್ಡ. ಅಲ್ಲಿ ಫೋನಿಗೆ 2 ಎಂಬಿಪಿಎಸ್ ಸಿಕ್ಕಿದರೆ ಪುಣ್ಯ. ಹಾಗಾಗಿ ಮಾವನ ಚಾವಡಿಯೇ ನನ್ನ ಪರೀಕ್ಷಾ ಕೊಠಡಿ.

ಮೇ 27

ಆರೂ ಟೇಪು ಜೋಡಿಸಿ ಒಂದೇ ಎಂಪಿ4 ಮಾಡಿದೆ. ಇಡೀ ಆಟ ಒಂದೇ ಒತ್ತಿಗೆ ಸಿಗಬೇಕು ಅಂತ ಆಸೆ. 11.4 ಜಿಬಿ ಆಯಿತು. ರಾತ್ರಿಯಿಡೀ ಏರಿಸಿ ಬೆಳಿಗ್ಗೆ ಮಾವನಿಗೆ ಕೊಂಡಿ ಕಳಿಸಿದೆ. ಚಕ್ರ ತಿರುಗಿತು, ತಿರುಗಿತು, ಅಷ್ಟೆ. ಚಹಾ ಕುಡಿದು ಬಂದರೂ ತಿರುಗುತ್ತಲೇ ಇತ್ತು. ನನ್ನ ಮನೆಯ ಫೈಬರಿನಲ್ಲೂ ಅದೇ ಕಥೆ.

ಮೇ 28

ಎರಡು ತಪ್ಪು ಒಟ್ಟಿಗೆ ಸಿಕ್ಕಿದವು.

ಎಂಪಿ4 ಫೈಲಿನಲ್ಲಿ ಯಾವ ಫ್ರೇಮು ಎಲ್ಲಿದೆ ಅನ್ನುವ ಪಟ್ಟಿ ಮೂವ್ ಎಂಬ ಪೆಟ್ಟಿಗೆಯಲ್ಲಿ ಇರುತ್ತದೆ. ಎಫ್‌ಎಫ್‌ಎಂಪೆಗ್ ಅದನ್ನು ಎಲ್ಲ ಮುಗಿದ ಮೇಲೆ ಫೈಲಿನ ಕೊನೆಗೆ ಬರೆಯುತ್ತದೆ. ಆ ಪಟ್ಟಿ ಸಿಗದೆ ಬ್ರೌಸರಿಗೆ ಒಂದು ಫ್ರೇಮನ್ನೂ ತೋರಿಸಲು ಬರುವುದಿಲ್ಲ. ಸಾಮಾನ್ಯವಾಗಿ ಬ್ರೌಸರು ಬುದ್ಧಿವಂತಿಕೆಯಿಂದ ಕೊನೆಯ ತುಂಡನ್ನಷ್ಟೇ ಕೇಳಿ ತರಿಸಿಕೊಳ್ಳುತ್ತದೆ. ನನ್ನಲ್ಲಿ ಅದೂ ಆಗಲಿಲ್ಲ. ಯಾಕೆಂದರೆ ಯಾರು ಎಷ್ಟು ಸಲ ನೋಡಿದರು ಅಂತ ಲೆಕ್ಕ ಹಿಡಿಯಲು ನಾನೇ ಒಂದು ಪಿಎಚ್‌ಪಿ ತುಣುಕು ಬರೆದಿದ್ದೆ, ವೀಡಿಯೊ ಅದರ ಮೂಲಕವೇ ಹೋಗುತ್ತಿತ್ತು. ಕರ್ಲ್ ಎಂಬ ತಂತ್ರಾಂಶದಲ್ಲಿ ಸರ್ವರಿಗೆ ಮೊದಲ 100 ಬೈಟು ಮಾತ್ರ ಕೊಡು ಅಂತ ಕೇಳಿ ನೋಡಿದೆ. 206, ಅಂದರೆ ಕೇಳಿದ ತುಂಡು ಮಾತ್ರ ಇಗೋ ಅನ್ನುವ ಉತ್ತರ ಬರಬೇಕಿತ್ತು. 200 ಬಂತು, ಜೊತೆಗೆ ಇಡೀ ಫೈಲು ಸುರಿಯತೊಡಗಿತು. ಅಂದರೆ ಮಾವನ ಫೋನು 11.4 ಜಿಬಿ ಪೂರ್ತಿ ಇಳಿಸಿಕೊಳ್ಳಲು ಕೂತಿತ್ತು! ಅವರ ಆ ದಿನದ ಡೇಟಾ ಖಾಲಿ. ಬೈಸಿಕೊಂಡೆ.

ಲೆಕ್ಕದ ಪಿಎಚ್‌ಪಿ ತೆಗೆದು ಬಿಸಾಡಿದೆ. ಫೋಲ್ಡರಿಗೆ ಪಾಸ್‌ವರ್ಡ್ ಹಾಕಿ ಸರ್ವರೇ ನೇರವಾಗಿ ಫೈಲು ಕೊಡುವ ಹಾಗೆ ಮಾಡಿದೆ. ಪಾಸ್‌ವರ್ಡ್ ಯಾಕೆಂದರೆ ವೇಷಧಾರಿಗಳನ್ನೆಲ್ಲ ಕೇಳದೆ ಊರಿಗೇ ಹಂಚುವುದು ಸರಿಯಲ್ಲ, ಅಲ್ವಾ? ಆಮೇಲೆ ಮೂವ್‌ಫ್ಲ್ಯಾಗ್ಸ್ ಎಂಬಲ್ಲಿ ಫಾಸ್ಟ್‌ಸ್ಟಾರ್ಟ್ ಕೊಟ್ಟು, ಹೊಸದಾಗಿ ಎನ್‌ಕೋಡ್ ಮಾಡದೆ (ವೀಡಿಯೊವನ್ನು ಮತ್ತೆ ಕುಗ್ಗಿಸಿ ಬರೆಯದೆ), ಬರೀ ನಕಲು ಮಾಡಿದೆ. ಪಟ್ಟಿ ಫೈಲಿನ ತಲೆಗೆ ಬಂತು. ಕೆಲವೇ ನಿಮಿಷದ ಕೆಲಸ.

ಮಾವನ ಮನೆಯಲ್ಲಿ ವೀಡಿಯೊ ಶುರುವಾಯಿತು, 52 ಸೆಕೆಂಡಿನ ನಂತರ. ಇನ್ನೂ ಯಾಕೆ ಇಷ್ಟು? ಪಟ್ಟಿಯ ಗಾತ್ರ ನೋಡಿದೆ. ಆರು ಗಂಟೆ ಅಂದರೆ ಸೆಕೆಂಡಿಗೆ 25ರಂತೆ 5 ಲಕ್ಷ 40 ಸಾವಿರ ಫ್ರೇಮು. ಧ್ವನಿಯ ತುಣುಕುಗಳು 10 ಲಕ್ಷಕ್ಕೂ ಮೇಲೆ. ಒಂದೊಂದಕ್ಕೂ ಪಟ್ಟಿಯಲ್ಲಿ ಕೆಲವು ಬೈಟು. ಒಟ್ಟು 12 ಎಂಬಿಯ ಹತ್ತಿರ. 2 ಎಂಬಿಪಿಎಸ್‌ನಲ್ಲಿ ಪಟ್ಟಿ ಇಳಿಯಲಿಕ್ಕೇ 48 ಸೆಕೆಂಡು ಬೇಕು. ಒಂದೇ ಒತ್ತಿಗೆ ಇಡೀ ಆಟ ಅನ್ನುವ ಆಸೆಗೆ ತೆತ್ತ ದಂಡ ಇದು.

ಮೇ 31

ಚಿತ್ರದ ಕಡೆ ತಿರುಗಿದೆ. ದಿಗಿಣ (ಹಾರಿ ಸುತ್ತುವ ಕುಣಿತ) ಹಾಕುವಾಗ ವೇಷದ ಅಂಚಿಗೆಲ್ಲ ಬಾಚಣಿಗೆಯ ಹಲ್ಲಿನ ಹಾಗೆ ಗೆರೆ. ಆ ಕಾಲದ ಹ್ಯಾಂಡಿಕ್ಯಾಮು ಒಂದು ಫ್ರೇಮನ್ನು ಎರಡು ಅರ್ಧ ಮಾಡಿ ಹಿಡಿಯುತ್ತದೆ. ಸಮ ಗೆರೆ ಒಂದು ಕ್ಷಣದ್ದು, ಬೆಸ ಗೆರೆ 50ರಲ್ಲಿ ಒಂದು ಸೆಕೆಂಡು ಆಮೇಲಿನದ್ದು. ಡಬ್ಬಾ ಟೀವಿಯಲ್ಲಿ ಇದು ಗೊತ್ತಾಗುತ್ತಿರಲಿಲ್ಲ. ಫೋನಿನಲ್ಲಿ ಎದ್ದು ಕಾಣುತ್ತದೆ. ಆ ಗೆರೆಗಳನ್ನು ಉಳಿಸಿಕೊಳ್ಳಲು ಎನ್‌ಕೋಡರು ಬಿಟ್ಟುಗಳನ್ನೂ (ಡೇಟಾದ ಕಣಗಳು) ಸುಮ್ನೆ ಸುರಿಯುತ್ತದೆ.

ಈ ಗೆರೆ ಬಿಡಿಸುವ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಹಾಕಿದೆ. ಎರಡೂ ಅರ್ಧವನ್ನು ಬೇರೆ ಬೇರೆ ಫ್ರೇಮು ಮಾಡಿ ಸೆಕೆಂಡಿಗೆ 50 ಫ್ರೇಮು ಬರುವ ಹಾಗೆ ಇಟ್ಟೆ. 25ಕ್ಕೆ ಇಳಿಸಿದರೆ ದಿಗಿಣ ಕುಂಟುತ್ತದೆ, ಅದು ನನಗೆ ಸಹಿಸಲಿಲ್ಲ. ಫ್ರೇಮು ದುಪ್ಪಟ್ಟಾದರೂ ಫೈಲು ದುಪ್ಪಟ್ಟಾಗಲಿಲ್ಲ. ಕಾಲು ಭಾಗದಷ್ಟು ಮಾತ್ರ ಜಾಸ್ತಿಯಾಯಿತು.

ಇಲ್ಲಿ ಒಂದು ಪೆದ್ದುತನ. ಮೊದಲು ಬರುವುದು ಮೇಲಿನ ಅರ್ಧ ಅಂತ ನಾನೇ ಗಟ್ಟಿಯಾಗಿ ಬರೆದುಬಿಟ್ಟಿದ್ದೆ. ಡಿವಿಯಲ್ಲಿ ಕೆಳಗಿನದ್ದು ಮೊದಲು. ಪರಿಣಾಮ, ವೇಷ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗಿ ನಡುಗತೊಡಗಿತು. ಒಂದು ಪೂರ್ತಿ ಟೇಪು ಹೀಗೆ ಮಾಡಿದ ಮೇಲೆ ನೋಡಿದೆ. ಅಲ್ಲಿಂದ ಮೇಲೆ ಎರಡು ನಿಮಿಷದ ತುಂಡಿನಲ್ಲಿ ಪರೀಕ್ಷೆ ಮಾಡದೆ ಯಾವುದನ್ನೂ ಪೂರ್ತಿ ಓಡಿಸಲಿಲ್ಲ. ಓಡಿಸಲಿಲ್ಲ ಅನ್ನುವುದು ಸುಳ್ಳು, ಜೂನ್ 14ರ ಕಥೆ ಮುಂದೆ ಬರುತ್ತದೆ.

ಜೂನ್ 2

ಮಾವ ನೋಡಿ ಹೇಳಿದರು: "ಇವರೆಲ್ಲ ಎಂತ ಮಾರಾಯ, ಉಪವಾಸ ಬಿದ್ದ ಹಾಗೆ ಕಾಣ್ತಾರೆ?" ಅವರು ಹೇಳಿದ್ದು ಸರಿ. ಡಿವಿಯ ಚಿತ್ರ 720 ಬೈ 576, ಆದರೆ ಅದರ ಚುಕ್ಕಿಗಳು ಚೌಕವಲ್ಲ, ಸ್ವಲ್ಪ ಅಗಲ. 768 ಬೈ 576ಕ್ಕೆ ಹಿಗ್ಗಿಸಿ ಎಸ್‌ಎಆರ್ 1, ಅಂದರೆ ಚುಕ್ಕಿ ಚೌಕ, ಎಂದು ಬರೆದೆ. ಎಲ್ಲರಿಗೂ ಮೈ ಬಂತು.

ಜೂನ್ 6

ಮಳೆ ಹಿಡಿಯಿತು. ಐದನೆಯ ಗಂಟೆಯ ಎನ್‌ಕೋಡಿನಲ್ಲಿ ಕರೆಂಟು ಹೋಯಿತು. ಮೂವ್ ಪಟ್ಟಿ ಕೊನೆಗೇ ಬರೆಯುವುದಲ್ಲವೇ? ಬರೆಯುವ ಮೊದಲೇ ಕಂಪ್ಯೂಟರ್ ಸತ್ತಿತು. ಉಳಿದದ್ದು ಯಾವುದರಲ್ಲೂ ತೆರೆಯದ 3 ಜಿಬಿಯ ಕಸ.

ಕಾಸರಗೋಡಿನ ಹಳೆ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಯುಪಿಎಸ್ ಬ್ಯಾಟರಿ ಬದಲಿಸಿದೆ. 1,050 ರೂಪಾಯಿ. ಅದು 20 ನಿಮಿಷ ತಾಳುತ್ತದೆ, ನಮ್ಮ ಕರೆಂಟು ಎರಡು ಗಂಟೆ ಹೋಗುತ್ತದೆ. ಹಾಗಾಗಿ ನಿಜವಾದ ರಿಪೇರಿ ಬೇರೆಯೇ: ಒಂದೇ ಫೈಲಿನ ಹಟ ಬಿಟ್ಟು ಟೇಪಿಗೊಂದು ಫೈಲು. ಹೋದರೆ ಒಂದು ಟೇಪಿನ ಕೆಲಸ ಹೋದೀತು. ಪಟ್ಟಿಯೂ 12 ಎಂಬಿಯಿಂದ ಕೆಲವೇ ಎಂಬಿಗೆ ಇಳಿಯಿತು. ಒಂದು ಭಾಗ ಮುಗಿದೊಡನೆ ಮುಂದಿನದ್ದು ತಾನಾಗಿ ಶುರುವಾಗುವ ಹಾಗೆ ಪುಟದಲ್ಲಿ ನಾಲ್ಕು ಸಾಲು ಜಾವಾಸ್ಕ್ರಿಪ್ಟ್.

ಜೂನ್ 9

ರಾತ್ರಿ ಹಿಡಿದ ಚಿತ್ರ. ಕತ್ತಲೆಯ ಜಾಗದಲ್ಲೆಲ್ಲ ಕಾಳು ಕಾಳು. ಆ ಕಾಳು ಫ್ರೇಮಿನಿಂದ ಫ್ರೇಮಿಗೆ ಬದಲಾಗುವ ಕಾರಣ ಎನ್‌ಕೋಡರಿಗೆ ಅದೂ ಚಲನೆಯೇ. ಹಿಂದಿನ ಕಪ್ಪು ಪರದೆಗೆ ವೇಷಕ್ಕಿಂತ ಜಾಸ್ತಿ ಬಿಟ್ಟು ಹೋಗುತ್ತಿತ್ತು.

ಕಾಳು ತೆಗೆಯುವ ಎಚ್‌ಕ್ಯುಡಿಎನ್3ಡಿ ಫಿಲ್ಟರಿಗೆ ಮೊದಲು 8ರ ಬಲ ಕೊಟ್ಟೆ. ಫೈಲು ಅರ್ಧಕ್ಕೆ ಬಂತು, ಖುಷಿಯೋ ಖುಷಿ. ಆಮೇಲೆ ನೋಡಿದರೆ ಮುಖಗಳು ಮೇಣದ ಗೊಂಬೆ, ಚೆಂಡೆಯ ಕೋಲಿನ ಹಿಂದೆ ಬಾಲ. ಕೊನೆಗೆ ಫಿಲ್ಟರಿನ ಮೂಲ ಅಳತೆಯ ಅರ್ಧಕ್ಕೆ ನಿಂತೆ: 2, 1.5, 3, 2.25. ಬಿಟ್ಟಿನಲ್ಲಿ ಹತ್ತಿರ ಹತ್ತಿರ ಶೇ 25 ಉಳಿತಾಯ ಆಯಿತು, ಬಣ್ಣದ ವೇಷದ ಮುಖದ ಚಿಟ್ಟಿಯೂ (ಅಕ್ಕಿ ಹಿಟ್ಟಿನ ಬಿಳಿ ಚುಕ್ಕಿಗಳು) ಅಳಿಯದೆ ಉಳಿಯಿತು. ಗೆರೆ ಬಿಡಿಸುವ ಫಿಲ್ಟರ್ ಮೊದಲು, ಇದು ಆಮೇಲೆ. ಅಡಿಮೇಲು ಮಾಡಿದರೆ ಎರಡು ಅರ್ಧಗಳು ಕಲಸಿಹೋಗುತ್ತವೆ. ಕೆಂಪು ಬಟ್ಟೆಯ ಅಂಚು ಕದಡಿದ ಹಾಗೆ ಇರುವುದಕ್ಕೆ ಮಾತ್ರ ಮದ್ದಿಲ್ಲ. ಬಣ್ಣವನ್ನು ಅರ್ಧ ವಿವರದಲ್ಲಿ ಹಿಡಿದದ್ದು ಕ್ಯಾಮೆರಾವೇ.

ಜೂನ್ 12

ಆರು ಫೈಲು. ಎಚ್.264 ಬಗೆಯ ವೀಡಿಯೊ ಮಾಡುವ ಎಕ್ಸ್264 ಎನ್‌ಕೋಡರು, ಪ್ರಿಸೆಟ್ ಸ್ಲೋ, ಗುಣಮಟ್ಟದ ಅಳತೆ ಸಿಆರ್‌ಎಫ್ 23 (ಅಂಕಿ ಏರಿದಷ್ಟೂ ಗುಣ ಇಳಿಯುತ್ತದೆ). ಸರಾಸರಿ 1.4 ಎಂಬಿಪಿಎಸ್. ಮಾವನ 2 ಎಂಬಿಪಿಎಸ್‌ಗೆ ಬೇಕಾದಷ್ಟಾಯಿತು ಅಂತ ಧೈರ್ಯವಾಗಿ ಹೋದೆ. 10 ಸೆಕೆಂಡಿನಲ್ಲಿ ಶುರುವಾಯಿತು. ಚೆನ್ನಾಗಿಯೇ ಓಡಿತು. ಮೂರನೇ ಟೇಪಿನಲ್ಲಿ ಮಹಿಷಾಸುರ ದೊಂದಿ ಹಿಡಿದವರ ಜೊತೆ ಸಭೆಯ ನಡುವಿನಿಂದ ಬರುತ್ತಾನೆ. ಅಲ್ಲಿ ನಿಂತಿತು. ಚಕ್ರ. ಎರಡು ಸೆಕೆಂಡು ಓಡಿತು, ಮತ್ತೆ ಚಕ್ರ.

"ಇಷ್ಟು ಹೊತ್ತು ಕಾದದ್ದೇ ಇವನಿಗೆ. ಇವ ಬರುವಾಗಲೇ ನಿಲ್ತದಲ್ಲ!" ಅಂದರು ಮಾವ. ಅತ್ತೆ ಒಳಗಿನಿಂದ, "ಆಗಲೂ ಅಷ್ಟೇ, ಅವನು ಬರುವಾಗ ಮಕ್ಕಳೆಲ್ಲ ಓಡಿ ಹೋಗಿದ್ದವು" ಅಂದರು.

ಜೂನ್ 13 ರಿಂದ 16

ಇಡೀ ಕೆಲಸದಲ್ಲಿ ನಾನು ನಿಜವಾಗಿ ಏನಾದರೂ ಕಲಿತದ್ದು ಈ ನಾಲ್ಕು ದಿನ.

ಮೂರು ತುಂಡು ಕತ್ತರಿಸಿ ಅಳೆದೆ, ತಲಾ ಎರಡು ನಿಮಿಷ. ಭಾಗವತರು ಕೂತು ಹಾಡುವುದು: 420 ಕೆಬಿಪಿಎಸ್. ದಿಗಿಣ: 2,400. ಮಹಿಷಾಸುರನ ಪ್ರವೇಶ: 6,100. ಒಂದೇ ಸಿಆರ್‌ಎಫ್ 23, ಆದರೆ ಹದಿನಾಲ್ಕು ಪಟ್ಟು ವ್ಯತ್ಯಾಸ. ಸಿಆರ್‌ಎಫ್ ಅಂದರೆ ಗುಣಮಟ್ಟ ಒಂದೇ ಇರಲಿ, ಬಿಟ್ಟು ಎಷ್ಟಾದರೂ ಆಗಲಿ ಅನ್ನುವ ಲೆಕ್ಕ. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭುಗಿಲ್ಲೆನ್ನುತ್ತದೆ. ಒಮ್ಮೆಲೆ ಇಡೀ ಚಿತ್ರದ ಬೆಳಕು ಬದಲು, ಹೊಗೆ, ಕಿಡಿ, ಜನ ಎದ್ದು ನಿಲ್ಲುವುದು. ಹಿಂದಿನ ಫ್ರೇಮಿನಿಂದ ಎತ್ತಿಕೊಳ್ಳಲು ಏನೂ ಇಲ್ಲ. ಅದಕ್ಕೇ ಎನ್‌ಕೋಡರು ಎಲ್ಲವನ್ನೂ ಹೊಸದಾಗಿ ಬರೆಯುತ್ತದೆ. ಆರು ಗಂಟೆಯ ಸರಾಸರಿ ನೋಡಿ ನಾನು ಮೋಸ ಹೋದೆ. ತೋಟದಲ್ಲಿ ನೀರು ಬಿಡುವಾಗ ಪೈಪಿನ ತೂತು ನೋಡುತ್ತೇವೆ, ತಿಂಗಳ ಲೆಕ್ಕವನ್ನಲ್ಲ.

ಮೊದಲ ಪ್ರಯತ್ನ, ಸಿಆರ್‌ಎಫ್ 28. ಆರು ಹೆಜ್ಜೆ ಏರಿಸಿದರೆ ಬಿಟ್ಟು ಸುಮಾರು ಅರ್ಧಕ್ಕೆ ಇಳಿಯುತ್ತದೆ, ನಾನು ಐದು ಏರಿಸಿದೆ. ಭಾಗವತರ ಮುಖ ಕಲಸಿಹೋಯಿತು. ಮಹಿಷಾಸುರ 3,400ಕ್ಕೆ ಬಂದ, ಆದರೂ ಮಾವನ 2,000ಕ್ಕಿಂತ ಮೇಲೆ. ಎಲ್ಲರನ್ನೂ ಉಪವಾಸ ಕೆಡವಿದರೂ ಇವನ ಹೊಟ್ಟೆ ತುಂಬಲಿಲ್ಲ.

ಎರಡನೆಯದು, ಜೂನ್ 14ರಂದು. ಸಿಆರ್‌ಎಫ್ 24 ಇಟ್ಟು, ಬಿಟ್ಟಿನ ಗರಿಷ್ಠ ಮಿತಿಯಾದ ಮ್ಯಾಕ್ಸ್‌ರೇಟ್ 1500 ಕೆಬಿಪಿಎಸ್ ಕೊಟ್ಟೆ. ಇನ್ನೇನು, ಮಿತಿ ಹಾಕಿದ ಮೇಲೆ ಪರೀಕ್ಷೆ ಯಾಕೆ ಅಂತ ಆರೂ ಟೇಪು ಒಟ್ಟಿಗೆ ಓಡಿಸಿ ಮಲಗಿದೆ. ಬೆಳಿಗ್ಗೆ ಅಳೆದರೆ ಮಹಿಷಾಸುರ 5,400. ಮಿತಿಯೇ ಬಿದ್ದಿಲ್ಲ! ಲಾಗ್ ಮೇಲಕ್ಕೆ ಸರಿಸಿ ನೋಡಿದೆ. ಮ್ಯಾಕ್ಸ್‌ರೇಟ್ ಇದೆ, ಬಫ್‌ಸೈಜ್ ಇಲ್ಲ, ಹಾಗಾಗಿ ಕಡೆಗಣಿಸಲಾಗಿದೆ ಅಂತ ಒಂದು ಸಾಲು ಹಳದಿ ಬಣ್ಣದಲ್ಲಿ ರಾತ್ರಿಯೇ ಬಂದು ಕೂತಿತ್ತು. ಐದು ಗಂಟೆಯ ಕರೆಂಟು ದಂಡ.

ಮೂರನೆಯದು, ಮ್ಯಾಕ್ಸ್‌ರೇಟ್ 1500, ಬಫ್‌ಸೈಜ್ 3000. ಬಫ್‌ಸೈಜ್ ಅಂದರೆ ಮಿತಿಯನ್ನು ಎಷ್ಟು ಹೊತ್ತಿನ ಲೆಕ್ಕದಲ್ಲಿ ಅಳೆಯಬೇಕು ಅನ್ನುವುದು, ಇಲ್ಲಿ ಎರಡು ಸೆಕೆಂಡಿನ ಸಂಗ್ರಹ ಅಂದ ಹಾಗೆ. ಈ ಸಲ ಎರಡು ನಿಮಿಷದ ತುಂಡಿನಲ್ಲೇ ನೋಡಿದೆ, ಬುದ್ಧಿ ಬಂದಿತ್ತು. ಪ್ರವೇಶ 1,500ರ ಆಸುಪಾಸಿನಲ್ಲಿ ನಿಂತಿತು. ಭಾಗವತರಿಗೆ ಏನೂ ಕಡಿಮೆಯಾಗಲಿಲ್ಲ, ಯಾಕೆಂದರೆ ಅವರು ಮಿತಿಯ ಹತ್ತಿರವೂ ಬರುವವರಲ್ಲ. ರಾಳ ಎರಚಿದ ಕ್ಷಣ ಬೆಂಕಿಯ ಅಂಚಿನಲ್ಲಿ ಚೌಕ ಚೌಕ ಕಾಣುತ್ತದೆ. ಅದನ್ನು ಹಾಗೇ ಬಿಟ್ಟೆ. ನಿಜವಾದ ಆಟದಲ್ಲೂ ಆ ಹೊತ್ತಿಗೆ ಕಣ್ಣಿಗೆ ಹೊಗೆ ಹೋಗಿ ಸರಿ ಕಾಣುವುದಿಲ್ಲ.

ಸರಾಸರಿ 1.1 ಎಂಬಿಪಿಎಸ್‌ಗೆ ಬಂತು.

ಜೂನ್ 19

ಆದರೂ ಜೋರು ಮಳೆ ಬಂದರೆ ಮಾವನಿಗೆ 700 ಕೆಬಿಪಿಎಸ್ ಕೂಡ ಸಿಗುವುದಿಲ್ಲ. ಎರಡು ದರ್ಜೆ ಬೇಕಾಯಿತು. ವೀಡಿಯೊವನ್ನು ತುಂಡು ತುಂಡಾಗಿ ಕಳಿಸುವ ಎಚ್‌ಎಲ್‌ಎಸ್ ಎಂಬ ವಿಧಾನಕ್ಕೆ ಹೋದೆ. ಮೇಲಿನದ್ದು 768 ಬೈ 576, 50 ಫ್ರೇಮು. ಕೆಳಗಿನದ್ದು 512 ಬೈ 384, 25 ಫ್ರೇಮು, ಮಿತಿ 450. ವೀಡಿಯೊ 6 ಸೆಕೆಂಡಿನ ತುಂಡುಗಳಾಗುತ್ತದೆ, ಸಿಗ್ನಲ್ ನೋಡಿ ಪ್ಲೇಯರು ದರ್ಜೆ ಬದಲಿಸುತ್ತದೆ. ದೊಡ್ಡ ಮೂವ್ ಪಟ್ಟಿಯ ಕಾಟವೂ ಇಲ್ಲ. ಐಫೋನಿನಲ್ಲಿ ನೇರವಾಗಿ ಓಡುತ್ತದೆ, ಉಳಿದವಕ್ಕೆ ಎಚ್‌ಎಲ್‌ಎಸ್ ಡಾಟ್ ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಹಾಕಿದೆ.

ದರ್ಜೆ ಬದಲಾಗುವಾಗ ಚಿತ್ರ ಹಾರಿತು. ತುಂಡು ಕೀಫ್ರೇಮಿನಲ್ಲಿ (ಹಿಂದಿನದನ್ನು ನೆಚ್ಚದ, ಪೂರ್ತಿ ಬರೆದ ಫ್ರೇಮು) ಮಾತ್ರ ಕತ್ತರಿಸಲು ಬರುತ್ತದೆ. ಎಕ್ಸ್264 ತಾನಾಗಿ 250 ಫ್ರೇಮಿಗೆ ಒಂದು ಕೀಫ್ರೇಮು ಇಡುತ್ತದೆ. 50 ಫ್ರೇಮಿನಲ್ಲಿ ಅದು 5 ಸೆಕೆಂಡು, 25ರಲ್ಲಿ 10 ಸೆಕೆಂಡು. ಜೊತೆಗೆ ಬೆಂಕಿ ಭುಗಿಲೆದ್ದಾಗಲೆಲ್ಲ ದೃಶ್ಯ ಬದಲಾಯಿತು ಅಂದುಕೊಂಡು ಇನ್ನೊಂದು ಇಡುತ್ತದೆ. ಎರಡು ದರ್ಜೆಯ ತುಂಡುಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಮೇಲಿನದಕ್ಕೆ 300, ಕೆಳಗಿನದಕ್ಕೆ 150 ಫ್ರೇಮಿಗೆ ಕೀಫ್ರೇಮು ಅಂತ ಬಿಗಿದು, ದೃಶ್ಯ ಗುರುತಿಸುವುದನ್ನು ಸೊನ್ನೆ ಮಾಡಿದೆ. ಸರಿಹೋಯಿತು.

ಇನ್ನೊಂದು ರಗಳೆ, ಫೈಲುಗಳ ರಾಶಿ. ಆರು ಗಂಟೆಗೆ 3,600 ತುಂಡು, ಎರಡು ದರ್ಜೆಗೆ 7,200. ಸಣ್ಣ ಸಣ್ಣ ಫೈಲು ಎಫ್‌ಟಿಪಿಯಲ್ಲಿ ಏರಿಸಲು ಹೋಗಿ ರಾತ್ರಿ ಕಳೆದರೂ ಅರ್ಧ ಆಗಿರಲಿಲ್ಲ. ಎಚ್‌ಎಲ್‌ಎಸ್‌ನ ಸಿಂಗಲ್ ಫೈಲ್ ಆಯ್ಕೆ ಹಾಕಿದೆ. ತುಂಡುಗಳೆಲ್ಲ ಒಂದೇ ಫೈಲಿನೊಳಗೆ, ಎಲ್ಲಿಂದ ಎಲ್ಲಿಯವರೆಗೆ ಅನ್ನುವುದು ಮಾತ್ರ ಪಟ್ಟಿಯಲ್ಲಿ. 7,200ರ ಜಾಗದಲ್ಲಿ 12. ಇದಕ್ಕೆ ಸರ್ವರು 206 ಕೊಡಲೇಬೇಕು. ಆ ಪಿಎಚ್‌ಪಿ ತೆಗೆಯದೇ ಇದ್ದಿದ್ದರೆ ಇಲ್ಲಿ ಮತ್ತೊಮ್ಮೆ ಮುಗ್ಗರಿಸುತ್ತಿದ್ದೆ.

ಜೂನ್ 22

ಧ್ವನಿಯಲ್ಲಿ ಉಳಿಸಲು ಹೋಗಿ ಕೆಟ್ಟೆ. ಎಎಸಿ ಬಗೆಯಲ್ಲಿ 48 ಕೆಬಿಪಿಎಸ್‌ಗೆ ಕುಗ್ಗಿಸಿದೆ. ವೇಷಧಾರಿಗಳು ಅರ್ಥ (ಮಾತು) ಹೇಳುವಾಗ ವ್ಯತ್ಯಾಸ ಏನೂ ಗೊತ್ತಾಗಲಿಲ್ಲ. ಚೆಂಡೆ ಬಿದ್ದಾಗ ಗೊತ್ತಾಯಿತು, ಪೆಟ್ಟಿನ ಮೊನೆಯೇ ಇಲ್ಲ, ಚಪ್ಪೆ. ಚಕ್ರತಾಳ ನೀರಿನೊಳಗಿಂದ ಕೇಳಿದ ಹಾಗೆ. ಒಂದೇ ಮೈಕಿನ ಧ್ವನಿಯಾದ್ದರಿಂದ ಮೊನೊ ಸಾಕು, ಆದರೆ 96 ಕೆಬಿಪಿಎಸ್ ಬೇಕು. ಎರಡೂ ದರ್ಜೆಗೆ ಅದೇ ಧ್ವನಿ. ಚಿತ್ರ ಮಂಕಾದರೆ ಮಾವ ಸುಮ್ಮನಿರುತ್ತಾರೆ, ಚೆಂಡೆ ಮಂಕಾದರೆ ಇಲ್ಲ.

ಜೂನ್ 24

ಅಬುಧಾಬಿಯಿಂದ ಭಾವನ ಫೋನು: "ಎವಿ1 ಮಾಡು ಮಾರಾಯ, ಅರ್ಧಕ್ಕೆ ಬರ್ತದೆ." ಎವಿ1 ಅಂದರೆ ಎಚ್.264ಗಿಂತ ಹೊಸ ಬಗೆಯ ವೀಡಿಯೊ. ಮಾಡಿದೆ. ಎಸ್‌ವಿಟಿ ಎವಿ1 ಎನ್‌ಕೋಡರು, ಪ್ರಿಸೆಟ್ 6. ನಿಜಕ್ಕೂ ಹತ್ತಿರ ಹತ್ತಿರ ಅರ್ಧ, ಚಿತ್ರವೂ ಚಂದ. ಆದರೆ ಮಾವನ ಹಳೆ ಫೋನಿನಲ್ಲಿ ಅದನ್ನು ಬಿಡಿಸುವ ಚಿಪ್ಪಿಲ್ಲ, ಎಲ್ಲ ಸಿಪಿಯು ತಲೆಯ ಮೇಲೆ. ಫೋನು ಬಿಸಿಯಾಗಿ ಬ್ಯಾಟರಿ ಸರಸರ ಇಳಿಯಿತು. ಭಾವನದ್ದೇ ಐಫೋನು 13ರಲ್ಲಿ ಶುರುವೇ ಆಗಲಿಲ್ಲ, ಐಫೋನುಗಳಲ್ಲಿ ಎವಿ1 ಚಿಪ್ಪು ಬಂದದ್ದು 15 ಪ್ರೊದಿಂದ. ಇನ್ನೊಂದು ಹೊಸ ಬಗೆ ಎಚ್.265 ಕೂಡ ನೋಡಿದೆ. ಒಂದು ಹಳೆ ಲ್ಯಾಪ್‌ಟಾಪಿನಲ್ಲಿ ಧ್ವನಿ ಮಾತ್ರ, ಚಿತ್ರ ಕಪ್ಪು. 2003ರ ಎಚ್.264ಗೇ ಮರಳಿದೆ. ಯಾರ ಮನೆಯಲ್ಲೂ ಅದು ಇಲ್ಲ ಅನ್ನಲಿಲ್ಲ.

ಜೂನ್ 29

ಕೊನೆಯ ಓಟ. ಎರಡೂ ದರ್ಜೆ ಸೇರಿ ಟೇಪಿಗೆ ಸುಮಾರು ಒಂದು ಗಂಟೆ ಎನ್‌ಕೋಡು. ಮೇಲಿನದ್ದು 3.2 ಜಿಬಿ, ಕೆಳಗಿನದ್ದು 1.2, ಒಟ್ಟು 4.4. ಮೊದಲು 11.4 ಇತ್ತು. ಖರ್ಚು ಕಾರ್ಡು, ಕೇಬಲು, ಬ್ಯಾಟರಿ ಸೇರಿ 2,200 ರೂಪಾಯಿ, ಹೋಸ್ಟಿಂಗ್ ಮೊದಲೇ ಇತ್ತು.

ಮಾವನ ಚಾವಡಿಯಲ್ಲಿ, ಮಳೆ ಬರುತ್ತಿರುವಾಗ, ಒತ್ತಿದ ಮೇಲೆ 3 ಸೆಕೆಂಡಿನಲ್ಲಿ ಶುರು. ಮೂರನೇ ಟೇಪಿಗೆ ಹಾರಿಸಿದೆ. ದೊಂದಿ ಬಂತು, ರಾಳ ಎರಚಿದರು, ಚಿತ್ರ ಒಮ್ಮೆ ಮಂಕಾಗಿ ಕೆಳಗಿನ ದರ್ಜೆಗೆ ಇಳಿಯಿತು, ನಿಲ್ಲಲಿಲ್ಲ. ಮಹಿಷಾಸುರ ರಂಗಸ್ಥಳಕ್ಕೆ ಏರಿದ.

ಮಾವ ಎದ್ದು ಹೋಗಿ ಕಪಾಟಿನಿಂದ ಇನ್ನೊಂದು ಪ್ಲಾಸ್ಟಿಕ್ ತೊಟ್ಟೆ ತಂದರು. ಎಂಟು ಟೇಪು, 2004ರದ್ದು. ನಾಲ್ಕಕ್ಕೆ ಬಿಳಿ ಬೂಸು ಹಿಡಿದಿದೆ. ಅವನ್ನು ಹಾಗೇ ಕ್ಯಾಮೆರಾಕ್ಕೆ ಹಾಕಿದರೆ ಟೇಪು ಓದುವ ಹೆಡ್ಡು ಹೋಗುತ್ತದೆ. ಸದ್ಯಕ್ಕೆ ಅಕ್ಕಿ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಟ್ಟಿದ್ದೇನೆ.